ಬರೀ ತುಕ್ಕಿಗೆ ಹೆದರಬೇಡಿ: ಧನುರ್ವಾಯು ನರದೊಳಗೆ ಮಾಡೋ ಕೆಲಸ

ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಕಡೆ ಹೋದ್ರೆ ಮಾವಿನ ತೋಪು, ದನದ ಕೊಟ್ಟಿಗೆ, ತಿಪ್ಪೆ ಎಲ್ಲಾ ಅಕ್ಕಪಕ್ಕ. ಕಾಲಿಗೆ ಮೊಳೆ ಚುಚ್ಚಿದ್ರೆ ಮನೇಲಿ ಮೊದಲು ಕೇಳೋದು, "ತುಕ್ಕು ಹಿಡಿದಿತ್ತಾ?" ಅಂತ.

ಆದರೆ ಧನುರ್ವಾಯು ತುಕ್ಕಿನಿಂದ ಬರಲ್ಲ. ಕ್ಲಾಸ್ಟ್ರಿಡಿಯಂ ಟೆಟನೈ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣು, ಸಗಣಿಯಲ್ಲಿ ವರ್ಷಗಟ್ಟಲೆ ಉಳಿದಿರುತ್ತವೆ. ಮುಳ್ಳು ಚುಚ್ಚಿದ್ರೂ ಸಾಕು, ಗಾಳಿಯಾಡದ ಆಳದ ಗಾಯದಲ್ಲಿ ಅವು ಬೆಳೆದು ವಿಷ ತಯಾರಿಸುತ್ತವೆ.

ಆ ವಿಷ ಸ್ನಾಯುವಿನ ಹತ್ತಿರದ ನರದ ತುದಿಯಿಂದ ಒಳಗೆ ಹೋಗಿ, ನರದೊಳಗೇ ಹಿಮ್ಮುಖವಾಗಿ ಬೆನ್ನುಹುರಿ ತಲುಪುತ್ತೆ. ಅಲ್ಲಿ ಸ್ನಾಯುಗಳನ್ನು ಹತೋಟಿಯಲ್ಲಿಡೋ ನರಕೋಶಗಳಿವೆ, ಒಂಥರಾ ಬ್ರೇಕ್ ಇದ್ದಹಾಗೆ. ಅವುಗಳ ತುದಿಯಲ್ಲಿ ಗ್ಲೈಸಿನ್, ಗಾಬಾ ಎಂಬ ರಾಸಾಯನಿಕಗಳು ಪುಟ್ಟ ಚೀಲಗಳಲ್ಲಿ ತುಂಬಿರುತ್ತವೆ. ಆ ಚೀಲ ಬಾಯಿ ತೆರೆಯೋಕೆ ಸಿನಾಪ್ಟೊಬ್ರೆವಿನ್ ಅನ್ನೋ ಪ್ರೋಟೀನ್ ಬೇಕು. ವಿಷ ಕತ್ತರಿಸೋದು ಅದನ್ನೇ ಅಂತ 1992ರಲ್ಲಿ ಇಟಲಿಯ ಪಡುವಾದ ಸಂಶೋಧಕರು ತೋರಿಸಿದರು. ಬ್ರೇಕ್ ಹೋದಮೇಲೆ ದವಡೆ ಕಚ್ಚಿಕೊಳ್ಳುತ್ತೆ, ಬೆನ್ನು ಬಿಲ್ಲಿನಂತೆ ಬಾಗುತ್ತೆ. ಧನುಸ್ಸು ಅಂದ್ರೆ ಬಿಲ್ಲು ಅಲ್ವಾ? ಹೆಸರಲ್ಲೇ ರೋಗಲಕ್ಷಣ ಇದೆ.

ಇದರ ಸಂಬಂಧಿ ಬೊಟುಲಿನಮ್ ವಿಷ. ಅದರ ಬಿ ಮಾದರಿ ಇದೇ ಪ್ರೋಟೀನನ್ನು ಇದೇ ಜಾಗದಲ್ಲಿ ಕತ್ತರಿಸುತ್ತೆ. ಆದರೆ ಅದರ ಕೆಲಸ ಮುಖ್ಯವಾಗಿ ಸ್ನಾಯುವಿನ ಹತ್ತಿರದ ನರದ ತುದಿಯಲ್ಲೇ. ಅಸಿಟೈಲ್‌ಕೋಲಿನ್ ಹೊರಬರದೆ ಸ್ನಾಯು ಸೋತು ಬೀಳುತ್ತೆ. ಒಂದರಲ್ಲಿ ಸೆಟೆತ, ಇನ್ನೊಂದರಲ್ಲಿ ಲಕ್ವ. ಕತ್ತರಿ ಒಂದೇ, ಜಾಗ ಬೇರೆ.

ನರದೊಳಗೆ ಹೊಕ್ಕ ವಿಷವನ್ನು ಯಾವ ಪ್ರತಿವಿಷದ ಇಂಜೆಕ್ಷನ್ನೂ ಹಿಡಿಯಲಾರದು. ಒಮ್ಮೆ ಬಂದು ವಾಸಿಯಾದವರಿಗೂ ಮತ್ತೆ ಬರಬಹುದು. ಅದಕ್ಕೇ ಲಸಿಕೆ ಮೊದಲೇ ಬೇಕು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ 2015ರಲ್ಲಿ ನಿವಾರಿಸಿತು. ಆದರೆ ಮಣ್ಣಿನ ಬೀಜಕ ಎಲ್ಲೂ ಹೋಗಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡೋ ರೋಗವೂ ಅಲ್ಲ. ಹಾಗಾಗಿ ಪಕ್ಕದ ಮನೆಯವರು ಹಾಕಿಸಿಕೊಂಡ ಲಸಿಕೆ ನಿಮ್ಮನ್ನು ಕಾಯಲ್ಲ.

ಸರ್ಕಾರಿ ಪಟ್ಟಿಯಲ್ಲಿ ಮಕ್ಕಳಿಗೆ ಕೊನೆಯ ಡೋಸ್ 16ನೇ ವಯಸ್ಸಿಗೆ. ಆಮೇಲೆ ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಅಂತ ವೈದ್ಯರು ಹೇಳ್ತಾರೆ. ಗಾಯಕ್ಕೆ ಸಗಣಿ, ಮಣ್ಣು ಮೆತ್ತಬೇಡಿ. ಸೋಪು ಹಾಕಿ ನೀರಲ್ಲಿ ಚೆನ್ನಾಗಿ ತೊಳೀರಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಕೇಳೋ ಮೊದಲ ಪ್ರಶ್ನೆ, "ಕೊನೇ ಟಿಟಿ ಯಾವಾಗ?" ನಿಮ್ಮದು, ಅಪ್ಪ-ಅಮ್ಮಂದು ಯಾವಾಗ ಅಂತ ಇವತ್ತೇ ವಿಚಾರಿಸಿ, ಫೋನಲ್ಲಿ ಬರೆದಿಟ್ಟುಕೊಳ್ಳಿ.