ಧಾರವಾಡ ಸೀಮೆಯ ಸೊಳ್ಳೆ ಲೆಕ್ಕ

ಸೊಳ್ಳೆಯ ಕಾಟ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಪರದೆ, ಬೇವಿನ ಸೊಪ್ಪಿನ ಹೊಗೆ, ಪಂಚಾಯಿತಿಯವರು ತರುವ ಫಾಗಿಂಗ್ ಯಂತ್ರ. ಸೊಳ್ಳೆಯನ್ನು ಎಣಿಸುವುದೂ ಒಂದು ಕೆಲಸ ಎಂದು ಯಾರಿಗೂ ಹೊಳೆಯುವುದಿಲ್ಲ. ಎಣಿಸಿ ಏನು ಮಾಡೋದು, ಹೊಡೆದರಾಯಿತಲ್ಲ ಎಂದು ಕೇಳುವವರೇ ಹೆಚ್ಚು. ಆದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೇರಿದ ಈ ಸೀಮೆಯ ಜ್ವರದ ಚರಿತ್ರೆ ನೋಡಿದರೆ ಒಂದು ಮಾತು ಗಟ್ಟಿಯಾಗುತ್ತದೆ. ಯಾವ ಸೊಳ್ಳೆ, ಎಲ್ಲಿ, ಎಷ್ಟು ಎಂಬ ಲೆಕ್ಕ ಕೈಯಲ್ಲಿದ್ದಾಗ ರೋಗ ಹಿಮ್ಮೆಟ್ಟಿದೆ. ಜ್ವರ ಕಡಿಮೆಯಾಯಿತೆಂದು ಲೆಕ್ಕ ಸಡಿಲಿಸಿದಾಗ ಅದು ಮರಳಿದೆ.

ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರ ಆಗಸ್ಟ್ 20ರಂದು. ಅದಕ್ಕೂ ಮುಂಚೆ ಆತ ಬೆಂಗಳೂರಿನಲ್ಲಿ ನೈರ್ಮಲ್ಯದ ಕೆಲಸ ಮಾಡಿದ್ದ. ರಾಸ್‌ನ ಶೋಧದಿಂದ ತಿಳಿದದ್ದು ಸೊಳ್ಳೆ ಕೆಟ್ಟದ್ದು ಎಂದಷ್ಟೇ ಅಲ್ಲ, ಎಲ್ಲ ಸೊಳ್ಳೆಯೂ ಮಲೇರಿಯಾ ಹರಡುವುದಿಲ್ಲ ಎಂಬುದೂ ಕೂಡ. ಹರಡುವುದು ಅನಾಫಿಲಿಸ್ ಕುಲದ್ದು, ಅದರಲ್ಲಿಯೂ ಕೆಲವೇ ಜಾತಿಗಳು. ಗೋಡೆಯ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂರುವುದು ಅನಾಫಿಲಿಸ್. ಅದರ ಮರಿ ನೀರಿನ ಮೇಲ್ಮೈಗೆ ಅಂಟಿಕೊಂಡು ಅಡ್ಡ ಮಲಗಿರುತ್ತದೆ. ಉಳಿದ ಸಾಮಾನ್ಯ ಸೊಳ್ಳೆಗಳ ಮರಿ ತಲೆ ಕೆಳಗೆ ಮಾಡಿ ತೂಗಾಡುತ್ತದೆ. ಇಷ್ಟು ವ್ಯತ್ಯಾಸ ಗೊತ್ತಿಲ್ಲದೆ ಔಷಧಿ ಹೊಡೆಯುವುದೆಂದರೆ ಕತ್ತಲಲ್ಲಿ ಕಲ್ಲೆಸೆದಂತೆ.

ಈ ತಿಳಿವಳಿಕೆಯನ್ನು ಹಳ್ಳಿಯ ಮಟ್ಟಕ್ಕೆ ತಂದ ದೊಡ್ಡ ಪ್ರಯೋಗ ನಡೆದದ್ದು ನಮ್ಮ ನೆಲದಲ್ಲೇ ಎಂಬುದನ್ನು ನಾವು ಮರೆತಿದ್ದೇವೆ. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಇಂದಿನ ಗದಗ, ಹಾವೇರಿ ಜಿಲ್ಲೆಗಳೂ ಅದರೊಳಗೇ ಇದ್ದವು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಿನ ಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಯೋಜನೆ ನಡೆಸಿದರು. ಮೊದಲ ವರ್ಷದ ಫಲಿತಾಂಶ 1947ರಲ್ಲಿ ಇಂಡಿಯನ್ ಜರ್ನಲ್ ಆಫ್ ಮಲೇರಿಯಾಲಜಿಯಲ್ಲಿ ಪ್ರಕಟವಾಯಿತು. ಇಂಥ ಕೆಲಸದಲ್ಲಿ ಸಿಂಪಡಣೆಗಿಂತ ಎಣಿಕೆಯ ಪಾಡೇ ದೊಡ್ಡದು. ನಸುಕಿನಲ್ಲಿ ಬ್ಯಾಟರಿ ಹಿಡಿದು ಮನೆಯೊಳಗೆ ಹೋಗಬೇಕು. ನಮ್ಮ ಕಡೆಯ ರೈತರ ಮನೆಗಳಲ್ಲಿ ಎತ್ತು, ಎಮ್ಮೆ ಕಟ್ಟುವುದು ಮನೆಯ ಮುಂಭಾಗದಲ್ಲೇ. ಗೋದಲಿಯ ಹಿಂದಿನ ಗೋಡೆ, ತೊಲೆಯ ಸಂದು, ನೇತುಹಾಕಿದ ಹಗ್ಗ, ಇವೇ ರಕ್ತ ಹೀರಿದ ಸೊಳ್ಳೆ ವಿಶ್ರಮಿಸುವ ಜಾಗ. ರಬ್ಬರ್ ನಳಿಕೆ ಸಿಕ್ಕಿಸಿದ ಗಾಜಿನ ಕೊಳವೆಯ ಬಾಯನ್ನು ಸೊಳ್ಳೆಯ ಮೇಲೆ ಮೆಲ್ಲಗೆ ಇಟ್ಟು ಉಸಿರೆಳೆದರೆ ಅದು ಜೀವಂತ ಒಳಗೆ ಬೀಳುತ್ತದೆ. ಒಬ್ಬ ಮನುಷ್ಯ ಒಂದು ತಾಸಿನಲ್ಲಿ ಎಷ್ಟು ಹಿಡಿದ ಎಂಬುದೇ ಆ ಊರಿನ ಅಳತೆ. ಸಿಂಪಡಿಸುವ ಮೊದಲಿನ ಅಂಕಿ, ನಂತರದ ಅಂಕಿ ಎರಡನ್ನೂ ಎದುರುಬದುರು ಇಟ್ಟಾಗಲೇ ಔಷಧಿ ಕೆಲಸ ಮಾಡಿತೇ ಎಂಬುದು ಗೊತ್ತಾಗುತ್ತದೆ. ರಾಮಚಂದ್ರ ರಾವ್ ಅವರು ಮುಂದೆ ಭಾರತದ ಅನಾಫಿಲಿಸ್ ಸೊಳ್ಳೆಗಳ ಕುರಿತು ಬರೆದ ಗ್ರಂಥ ಇಂದಿಗೂ ಆಕರವಾಗಿದೆ.

ಸರ್ಕಾರ 1953ರಲ್ಲಿ ದೇಶವ್ಯಾಪಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿದಾಗ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತೆಂದು ಅಂದಾಜಿತ್ತು. 1960ರ ದಶಕದ ನಡುವೆ ಅದು ಲಕ್ಷದ ಆಸುಪಾಸಿಗೆ ಇಳಿಯಿತು. ಆಗ ಮಲೇರಿಯಾ ಮುಗಿಯಿತೆಂಬ ಭಾವನೆ ಬಂತು. ಸಿಂಪಡಣೆ ನಿಂತ ಕಡೆಗಳಲ್ಲಿ ಜ್ವರ ಬಂದವರ ರಕ್ತಲೇಪನದ ಪರೀಕ್ಷೆಯೇ ಮುಖ್ಯ ಕಾವಲಾಯಿತು, ಸೊಳ್ಳೆಯ ಮೇಲಿನ ಕಣ್ಣು ಮಂಜಾಯಿತು. ಅತ್ತ ಡಿಡಿಟಿಯನ್ನು ತಾಳಿಕೊಳ್ಳುವ, ಅನಾಫಿಲಿಸ್ ಕುಲದ ಕ್ಯುಲಿಸಿಫೇಸೀಸ್ ಸೊಳ್ಳೆ 1950ರ ದಶಕದ ಕೊನೆಗೇ ಪಶ್ಚಿಮ ಭಾರತದಲ್ಲಿ ಕಾಣಿಸಿಕೊಂಡಿತ್ತು. 1976ರಲ್ಲಿ ದೇಶದಲ್ಲಿ 64 ಲಕ್ಷ ಪ್ರಕರಣಗಳು ದಾಖಲಾದವು. ಹಣದ ಕೊರತೆ, ಔಷಧಿಯ ಕೊರತೆ ಎಲ್ಲವೂ ಇದಕ್ಕೆ ಕಾರಣವೇ. ಆದರೂ ರಕ್ತಲೇಪನ ರೋಗ ಬಂದ ಮೇಲಿನ ಸುದ್ದಿ, ಸೊಳ್ಳೆಯ ಲೆಕ್ಕ ರೋಗ ಬರುವ ಮುಂಚಿನ ಸುದ್ದಿ. ಅದೇ 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ನವಲಗುಂದದ ಎರೆಹೊಲಗಳಿಗೆ ಹರಿಯಿತು. ಕಾಲುವೆ ಬಂದಲ್ಲಿ ನೀರು ಬಸಿದು ನಿಲ್ಲುತ್ತದೆ, ನಿಂತ ತಿಳಿನೀರು ಕ್ಯುಲಿಸಿಫೇಸೀಸ್‌ಗೆ ಹೇಳಿ ಮಾಡಿಸಿದ ಜಾಗ. ಮಂಡ್ಯದಲ್ಲಿ ಇರ್ವಿನ್ ನಾಲೆ ಬಂದ ಮೇಲೆ 1930ರ ದಶಕದಲ್ಲಿ ಮಲೇರಿಯಾ ಹಬ್ಬಿದ್ದನ್ನು ಹಳೆಯ ಮೈಸೂರು ಕಂಡಿತ್ತು. ನೀರಾವರಿ ಬೇಡವೆಂದು ಇದರ ಅರ್ಥವಲ್ಲ. ನೀರಿನ ದಾರಿ ಬದಲಾದಾಗ ಸೊಳ್ಳೆಯ ಪಟ್ಟಿಯೂ ಬದಲಾಗಬೇಕು.

ಎರಡನೆಯ ಬದಲಾವಣೆ ಮನೆಯೊಳಗೇ ಆಯಿತು. 2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತರನ್ನು ಮಲಗಿಸಿತು. ಕೀಲು ಹಿಡಿದು ಕೂಲಿಗೆ ಹೋಗಲಾಗದೆ ಸಂಸಾರಗಳು ತಿಂಗಳುಗಟ್ಟಲೆ ಬಳಲಿದವು. ಇದನ್ನೂ ಡೆಂಗ್ಯೂವನ್ನೂ ಹರಡುವ ಈಡಿಸ್, ಕಾಲಿಗೆ ಬಿಳಿಪಟ್ಟೆಯುಳ್ಳ ಕಪ್ಪು ಸೊಳ್ಳೆ, ಹಗಲಲ್ಲಿ ಕಚ್ಚುವಂಥದ್ದು. ಅದು ಕಾಲುವೆಗೆ ಹೋಗುವುದಿಲ್ಲ. ಎರೆನಾಡಿನ ಬಾವಿನೀರು ಬಹಳ ಕಡೆ ಸವಳು, ನಳದ ಸಿಹಿನೀರು ದಿನವೂ ಬರುವುದಿಲ್ಲ. ಹಾಗಾಗಿ ತೊಟ್ಟಿ, ಬ್ಯಾರಲ್, ಹರವಿ, ದನದ ಬಾನಿಗಳಲ್ಲಿ ನೀರು ಕೂಡಿಡುತ್ತೇವೆ. ಈಡಿಸ್ ಮೊಟ್ಟೆ ಇಡುವುದು ಅವುಗಳ ಒಳಗೋಡೆಯ ತೇವದಲ್ಲಿ. ನೀರು ಖಾಲಿಯಾದರೂ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಕಾಯಬಲ್ಲದು. ಆದ್ದರಿಂದ ಸುಮ್ಮನೆ ಬಗ್ಗಿಸಿದರೆ ಸಾಲದು, ಒಳಬದಿಯನ್ನು ತಿಕ್ಕಿ ತೊಳೆಯಬೇಕು. ನೂರು ಮನೆ ನೋಡಿದರೆ ಎಷ್ಟು ಮನೆಯಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿ ಸಿಕ್ಕಿತು, ಎಷ್ಟು ಪಾತ್ರೆಯಲ್ಲಿ ಸಿಕ್ಕಿತು ಎಂಬುದೇ ಇಂದಿನ ಲಾರ್ವಾ ಸಮೀಕ್ಷೆಯ ಸೂಚ್ಯಂಕ.

ಹೊಗೆ ಹಾಕಿದರೆ ಸಾಲದೇ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹೊಗೆ ಆ ಗಳಿಗೆಯಲ್ಲಿ ಹಾರುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆ; ಒಳಮನೆಯ ಗೂಟಕ್ಕೆ ಹಾಕಿದ ಬಟ್ಟೆಯ ಹಿಂದೆ ಕೂತದ್ದನ್ನೂ, ಬ್ಯಾರಲಿನೊಳಗಿನ ಮರಿಯನ್ನೂ ಮುಟ್ಟುವುದಿಲ್ಲ. ಈ ಲೆಕ್ಕ ಹಿಡಿಯಬೇಕಾದ ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರೆ ಬಹಳ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದಕ್ಕೆ ದಾರಿ ಲೆಕ್ಕ ಬಿಡುವುದಲ್ಲ, ಆ ಕೆಲಸಕ್ಕೆ ತಕ್ಕ ಕೂಲಿ ಕೊಡುವುದು, ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲೇ ಕೆಲಸ ಹಂಚುವುದು. ರಾಜ್ಯ ಸರ್ಕಾರ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಲಾರ್ವಾ ಬೆಳೆಯಲು ಬಿಟ್ಟ ಮನೆಗಳಿಗೆ ದಂಡದ ನಿಯಮ ತಂದಿತು. ನೀರು ಕೂಡಿಡದೆ ಬದುಕುವುದು ಹೇಗೆ ಎಂದು ಹಳ್ಳಿಯ ಹೆಣ್ಣುಮಕ್ಕಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ದಂಡದ ಚೀಟಿಗಿಂತ ಮೊದಲು ಬಿಗಿ ಮುಚ್ಚಳ ಬರಬೇಕು. ಯಾವ ಓಣಿಯಲ್ಲಿ ಲಾರ್ವಾ ಹೆಚ್ಚು ಸಿಕ್ಕಿತೋ ಆ ಅಂಕಿ ಆರೋಗ್ಯ ಕೇಂದ್ರದ ಕಡತದಲ್ಲಿ ಉಳಿಯದೆ, ಗ್ರಾಮಸಭೆಯಲ್ಲಿ ಆ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಎಂಬ ಲೆಕ್ಕದ ಪಕ್ಕದಲ್ಲೇ ಓದಿಸಿಕೊಳ್ಳಬೇಕು.