ಶತ್ರುವಿನ ಮಗು

1918ರ ನವೆಂಬರಿನಲ್ಲಿ ಮೊದಲ ಮಹಾಯುದ್ಧದ ಗುಂಡಿನ ಸದ್ದು ನಿಂತರೂ ಮಿತ್ರರಾಷ್ಟ್ರಗಳ ದಿಗ್ಬಂಧನ ತಿಂಗಳುಗಟ್ಟಲೆ ಮುಂದುವರಿಯಿತು. ಆಸ್ಟ್ರಿಯಾದ ಮಕ್ಕಳು ಹಾಲಿಲ್ಲದೆ ಸೊರಗಿದರು. ತಲೆ ದೊಡ್ಡದಾಗಿ, ಕೈಕಾಲು ಕಡ್ಡಿಯಾದ ಅಂಥ ಮಗುವಿನ ಚಿತ್ರವಿದ್ದ ಕರಪತ್ರ ಹಂಚಿದ್ದಕ್ಕೆ 1919ರಲ್ಲಿ ಲಂಡನ್ನಿನಲ್ಲಿ ಸಮಾಜಸೇವಕಿ ಎಗ್ಲಾಂಟೈನ್ ಜೆಬ್ ಅವರನ್ನು ಬಂಧಿಸಿ, ಐದು ಪೌಂಡ್ ದಂಡ ಹಾಕಿದರು. ಅವರ ವಿರುದ್ಧ ವಾದಿಸಿದ ಸರ್ಕಾರಿ ವಕೀಲರೇ ಆ ಮೊತ್ತವನ್ನು ಅವರ ಕೈಗಿತ್ತರು. ನಮ್ಮವರೇ ಸತ್ತಿರುವಾಗ ಶತ್ರುವಿನ ಮಕ್ಕಳಿಗೇಕೆ ಮರುಗಬೇಕು ಎಂದು ಜನ ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಮಗನನ್ನು ಕಳೆದುಕೊಂಡ ತಾಯಿ ಹಾಗೆ ಕೇಳಿದರೆ ತಪ್ಪೆನ್ನಲಾರೆ. ಆದರೆ ಯುದ್ಧ ಸಾರಿದವರಲ್ಲಿ ಆ ಎಳೆಯರು ಇರಲಿಲ್ಲ. ಅವರನ್ನು ಉಪವಾಸ ಕೆಡವಿದ್ದರಿಂದ ಮಡಿದ ಒಬ್ಬ ಸೈನಿಕನೂ ಮರಳಲಿಲ್ಲ. ಜೆಬ್ ಬರೆದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಸಂಘ ಒಪ್ಪಿತು. ಕುಲ, ದೇಶ, ಮತ ನೋಡದೆ ಹಸಿದ ಮಗುವಿಗೆ ಉಣಿಸಬೇಕು, ಸಂಕಟದಲ್ಲಿ ಮೊದಲ ನೆರವು ಮಗುವಿಗೇ ಸಲ್ಲಬೇಕು ಎಂದು ಅದು ವಿಧಿಸುತ್ತದೆ.