ಹತ್ತು ನೋಟ, ಒಂದು ಮೊಲ

ನಿಮಗೊಂದು ಮಣ್ಣಿನ ಮೊಲದ ಪರಿಚಯ ಮಾಡಿಸುತ್ತೇನೆ. ಎತ್ತರ ಸುಮಾರು 19 ಸೆಂಟಿಮೀಟರ್. ಅಮೆರಿಕದ ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ ಕುಳಿತಿದ್ದ ಇದನ್ನು ಗ್ರೆಗ್ ಟರ್ಕ್ ಎಂಬ ವಿಜ್ಞಾನಿ ಕೊಂಡು ತಂದರು. 1994ರಲ್ಲಿ ಅವರೂ ಮಾರ್ಕ್ ಲೆವಾಯ್ ಎಂಬ ಇನ್ನೊಬ್ಬ ವಿಜ್ಞಾನಿಯೂ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಈ ಮೊಲವನ್ನು ಕಂಪ್ಯೂಟರಿನೊಳಗೆ ಕೂರಿಸಿದರು. ಹೇಗೆ ಗೊತ್ತೇ?

ಮೊದಲು ಸ್ಕ್ಯಾನರ್ ಎಂಬ ಯಂತ್ರ ಮೊಲದ ಮೈಮೇಲೆ ಲೇಸರ್ ಬೆಳಕಿನ ತೆಳ್ಳನೆಯ ಗೆರೆ ಹಾಯಿಸಿತು. ಪಕ್ಕದಿಂದ ಕ್ಯಾಮೆರಾ ಅದನ್ನೇ ನೋಡುತ್ತಿತ್ತು. ಮೈ ಉಬ್ಬಿದ ಕಡೆ ಗೆರೆ ಒಂದು ಬದಿಗೆ ಬಾಗುತ್ತದೆ, ತಗ್ಗಿದ ಕಡೆ ಇನ್ನೊಂದು ಬದಿಗೆ. ಆ ಬಾಗುವಿಕೆಯನ್ನು ಅಳೆದರೆ ಮೈಮೇಲಿನ ಒಂದೊಂದು ಚುಕ್ಕೆಯೂ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ.

ಆದರೆ ಮುಂದಿನಿಂದ ನೋಡಿದರೆ ಬಾಲ ಕಾಣುವುದಿಲ್ಲ, ಹಿಂದಿನಿಂದ ನೋಡಿದರೆ ಮೂತಿ ಕಾಣುವುದಿಲ್ಲ! ಅದಕ್ಕೇ ಮೊಲವನ್ನು ತಿರುಗಿಸಿ ತಿರುಗಿಸಿ ಹತ್ತು ನೋಟ ಹಿಡಿದರು. ಈಗ ಕಂಪ್ಯೂಟರಿನಲ್ಲಿ ಇರುವುದು ಇಡೀ ಮೊಲವಲ್ಲ, ಅದರ ಚರ್ಮದ ಹತ್ತು ತುಣುಕುಗಳು. ಒಂದೊಂದೂ ಒಂದೊಂದು ಕಡೆಗೆ ವಾಲಿಕೊಂಡಿದೆ.

ಇವನ್ನು ಜೋಡಿಸಲು ಸುಳಿವು ಎಲ್ಲಿದೆ? ಎರಡು ನೋಟಗಳಲ್ಲೂ ಕಾಣಿಸಿಕೊಂಡ ಭಾಗದಲ್ಲಿ. ಮುಂದಿನಿಂದ ನೋಡಿದಾಗ ಕೆನ್ನೆ ಕಂಡಿತಲ್ಲ, ಬದಿಯಿಂದ ನೋಡಿದಾಗಲೂ ಅದೇ ಕೆನ್ನೆ ಕಂಡಿರುತ್ತದೆ. ಆ ಕೆನ್ನೆಯ ಮೇಲೆ ಈ ಕೆನ್ನೆ ಕೂತರೆ ಆಯಿತು.

ತೊಳೆದ ಇಡ್ಲಿ ತಟ್ಟೆಗಳನ್ನು ಒಂದರೊಳಗೊಂದು ಇಡುವುದನ್ನು ನೋಡಿದ್ದೀರಲ್ಲ? ಮೊದಲು ಮೇಲಿನ ತಟ್ಟೆ ಕಡಕಡ ಅಲುಗುತ್ತದೆ. ತುಸು ಸರಿಸುತ್ತೇವೆ, ತುಸು ತಿರುಗಿಸುತ್ತೇವೆ. ಗುಳಿಯೊಳಗೆ ಗುಳಿ ಸಿಕ್ಕಿದ ಕೂಡಲೇ ಗಟ್ಟಿಯಾಗಿ ಕೂತುಬಿಡುತ್ತದೆ.

ಕಂಪ್ಯೂಟರ್ ಮಾಡುವುದೂ ಇದನ್ನೇ. ಅದಕ್ಕೆ ಕೈಯಿಲ್ಲ, ಲೆಕ್ಕವಿದೆ. ಒಂದು ತುಣುಕಿನ ಪ್ರತಿ ಚುಕ್ಕೆಗೂ ಇನ್ನೊಂದು ತುಣುಕಿನಲ್ಲಿ ತೀರ ಹತ್ತಿರದ ಚುಕ್ಕೆಯನ್ನು ಜೊತೆ ಮಾಡುತ್ತದೆ. ಈ ಜೊತೆಗಳ ನಡುವಿನ ದೂರ ಒಟ್ಟಾರೆ ಆದಷ್ಟೂ ಕಡಿಮೆಯಾಗುವಂತೆ ಇಡೀ ತುಣುಕನ್ನು ಸರಿಸಿ ತಿರುಗಿಸುತ್ತದೆ. ಈಗ ಹತ್ತಿರದ ಚುಕ್ಕೆಗಳು ಬೇರೆಯಾಗಿರಬಹುದು. ಆದ್ದರಿಂದ ಮತ್ತೆ ಜೊತೆ ಮಾಡುವುದು, ಮತ್ತೆ ಸರಿಸುವುದು. ದೂರ ಇನ್ನು ಇಳಿಯುವುದೇ ಇಲ್ಲ ಎನ್ನುವಾಗ ನಿಲ್ಲಿಸುತ್ತದೆ. 1992ರಲ್ಲಿ ಪಾಲ್ ಬೆಸ್ಲ್ ಮತ್ತು ನೀಲ್ ಮೆಕೇ ವಿವರಿಸಿದ ಈ ಉಪಾಯ ಇವತ್ತಿಗೂ ಬಳಕೆಯಲ್ಲಿದೆ.

ಮುಂದಿನಿಂದ ಕಂಡ ಮೂತಿಗೆ ಹಿಂದಿನ ನೋಟದಲ್ಲಿ ಜೊತೆಯೇ ಇಲ್ಲವಲ್ಲ? ಟರ್ಕ್ ಮತ್ತು ಲೆವಾಯ್ ಅದಕ್ಕೂ ದಾರಿ ಮಾಡಿದರು. ಜೊತೆಯ ಚುಕ್ಕೆ ತೀರ ದೂರವಿದ್ದರೆ ಆ ಜೊತೆಯನ್ನೇ ಲೆಕ್ಕದಿಂದ ಬಿಟ್ಟರು.

ಇನ್ನೊಂದು ಎಚ್ಚರ ಬೇಕು. ತಟ್ಟೆಯ ನಾಲ್ಕು ಗುಳಿಗಳೂ ಒಂದೇ ಥರ ಇದ್ದರೆ ಕಾಲು ಸುತ್ತು ತಪ್ಪಿ ತಿರುಗಿಸಿದರೂ ಅದು ಕೂತುಬಿಡುತ್ತದೆ! ಕಂಪ್ಯೂಟರೂ ಹೀಗೆ ತಪ್ಪು ಜಾಗದಲ್ಲಿ ನೆಮ್ಮದಿಯಾಗಿ ನಿಂತುಬಿಡಬಹುದು. ಅದಕ್ಕೇ ತುಣುಕುಗಳನ್ನು ಮೊದಲೇ ಸುಮಾರಾಗಿ ಸರಿಯಾದ ಜಾಗಕ್ಕೆ ತಂದುಕೊಡಬೇಕು. ನಮ್ಮ ಮೊಲಕ್ಕೆ ಉದ್ದ ಕಿವಿ, ಮಡಿಕೆ ಬಿದ್ದ ಮೈ ಇದ್ದದ್ದು ಒಳ್ಳೆಯದೇ ಆಯಿತು.

ತುಣುಕುಗಳೆಲ್ಲ ಕೂಡಿ ಹೊಲಿಗೆ ಮುಗಿದಾಗ ಚುಕ್ಕೆಗಳನ್ನು ಗೆರೆಗಳಿಂದ ಸೇರಿಸಿ ಮಾಡಿದ 69,451 ಪುಟ್ಟ ತ್ರಿಕೋನಗಳ ಮೊಲ ಸಿದ್ಧವಾಯಿತು. ಲೇಸರ್ ತಲುಪದ ಕಡೆ, ತಳದಲ್ಲಿ, ಕೆಲವು ತೂತುಗಳು ಉಳಿದವು. ಜಗತ್ತಿನ ಎಷ್ಟೋ ವಿಜ್ಞಾನಿಗಳು ಹೊಸ ಲೆಕ್ಕಗಳನ್ನು ಪರೀಕ್ಷಿಸಿದ್ದು ಈ ಮೊಲದ ಮೇಲೆಯೇ.

ಈಗ ನಿಮ್ಮ ಸರದಿ. ಮನೆಯಲ್ಲಿ ಒಂದು ಸುತ್ತು ಹಾಕಿ ಬಂದು ಎರಡು ಪಟ್ಟಿ ಮಾಡಿ. ಕಂಪ್ಯೂಟರಿಗೆ ಸುಲಭವಾಗಿ ಜೋಡಿಸಲು ಬರುವ ವಸ್ತು ಯಾವುದು, ಅದನ್ನು ದಾರಿ ತಪ್ಪಿಸುವ ವಸ್ತು ಯಾವುದು? ನುಣ್ಣನೆಯ ಚೆಂಡು ಯಾವ ಪಟ್ಟಿಗೆ ಸೇರುತ್ತದೆ, ಹಾಗಲಕಾಯಿ ಯಾವ ಪಟ್ಟಿಗೆ? ಯಾಕೆ ಎಂದೂ ಬರೆಯಿರಿ.